ಶಿಫಾರಸಿನ ಅಂಗಡಿ

ಇತ್ತೀಚೆಗೆ ನಮ್ಮ ಪಟ್ಟಣಗಳಲ್ಲಿ ನಕ್ಷತ್ರವೆಂಬ ಒಂದು ಹೊಸ ಪ್ರಮಾಣವು ಚಲಾವಣೆಗೆ ಬಂದಿದೆ. ಊಟದ ಹೋಟೆಲು, ಮಕ್ಕಳ ಶಾಲೆ, ಹಲ್ಲಿನ ವೈದ್ಯ, ಅನ್ನ ಮಾಡುವ ಕುಕ್ಕರು, ಯಾತ್ರಾಸ್ಥಳದ ವಸತಿ, ಇವುಗಳಲ್ಲಿ ಯಾವುದನ್ನು ಆರಿಸಬೇಕಾದರೂ ವಿದ್ಯಾವಂತ ಗೃಹಸ್ಥನು ಮೊದಲು ಮೊಬೈಲನ್ನು ತೆರೆದು, ಅದಕ್ಕೆ ಐದರಲ್ಲಿ ಎಷ್ಟು ನಕ್ಷತ್ರಗಳು ದೊರೆತಿವೆಯೆಂದು ನೋಡುತ್ತಾನೆ. ನಾಲ್ಕಕ್ಕೆ ಮೇಲಿದ್ದರೆ ಹೆಜ್ಜೆ ಮುಂದಿಡುತ್ತಾನೆ. ಮೂರಕ್ಕೆ ಇಳಿದಿದ್ದರೆ, ತಾನೇ ಹತ್ತು ವರ್ಷ ಉಂಡು ಬಲ್ಲ ಹೋಟೆಲನ್ನೂ ಸಂಶಯದಿಂದ ಕಾಣುತ್ತಾನೆ. ಇದು ಜನಾಭಿಪ್ರಾಯವೆಂದೂ, ವರ್ತಕರ ಜಾಹೀರಾತಿನ ಮೇಲೆ ಸಾಮಾನ್ಯ ಜನರು ಗಳಿಸಿದ ವಿಜಯವೆಂದೂ ಹೊಗಳುವವರಿದ್ದಾರೆ. ಜನಾಭಿಪ್ರಾಯವನ್ನೇ ನಂಬಿ ಬಾಳುವ ಪತ್ರಿಕೆಯು ಅದನ್ನು ಹಗುರವಾಗಿ ಕಾಣಲಾರದು. ಆದಕಾರಣವೇ, ಆ ಮುದ್ರೆಯನ್ನು ಒತ್ತಿಸಿಕೊಂಡು ಬಂದುದೆಲ್ಲವೂ ಜನಾಭಿಪ್ರಾಯವೇ ಹೌದೇ, ಹೌದಾದರೂ ಅದಕ್ಕೆ ನಾವು ತೆರುತ್ತಿರುವ ಬೆಲೆಯೇನು, ಎಂಬ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದರು. ಆದರೆ ಆಪ್ತನ ಶಬ್ದವನ್ನು ಮಾತ್ರ. ವಿಷಯವನ್ನು ಇದ್ದಂತೆ ಬಲ್ಲವನೂ, ಬಲ್ಲುದನ್ನು ಮರೆಮಾಚದೆ ಹೇಳುವವನೂ ಆಪ್ತನು. ನೆರೆಮನೆಯ ರಾಯರು ಒಬ್ಬ ವೈದ್ಯರನ್ನು ಹೊಗಳಿದರೆ ಆ ಮಾತನ್ನು ತೂಗಿ ನೋಡುವ ತಕ್ಕಡಿಯು ನಮ್ಮಲ್ಲಿದೆ. ರಾಯರ ಸ್ವಭಾವವನ್ನು ಬಲ್ಲೆವು. ವೈದ್ಯರು ಅವರ ಷಡ್ಡಕರೋ ಅಲ್ಲವೋ ಎಂಬುದನ್ನೂ ಬಲ್ಲೆವು. ಮಾತು ಹುಸಿಯಾದರೆ ಮರುದಿನ ಅವರನ್ನು ಕೇಳಲೂ ಬಲ್ಲೆವು. ಮೊಬೈಲಿನ ತೆರೆಯ ಮೇಲೆ ಹೊಗಳುವಾತನಿಗಾದರೋ ಮುಖವೂ ಇಲ್ಲ, ಊರೂ ಇಲ್ಲ. ಅವನನ್ನು ಹೋಗಿ ಕೇಳುವ ದಾರಿಯೂ ಇಲ್ಲ. ಇಂತಹ ಹತ್ತು ಸಾವಿರ ಮಂದಿಯನ್ನು ಕೂಡಿಸಿದರೆ ಒಬ್ಬ ಆಪ್ತನಾದಾನೇ?

ಪಂಚತಂತ್ರದ ಬ್ರಾಹ್ಮಣನು ಹೆಗಲ ಮೇಲೆ ಆಡನ್ನು ಹೊತ್ತು ಹೋಗುತ್ತಿದ್ದಾಗ ಮೂವರು ಧೂರ್ತರು ಅದನ್ನು ನಾಯಿಯೆಂದು ನಂಬಿಸಿದ ಕಥೆಯನ್ನು ನಾವೆಲ್ಲರೂ ಮಠದ ಜಗಲಿಯಲ್ಲಿಯೇ ಕೇಳಿದ್ದೇವೆ. ಮೂವರೂ ಒಟ್ಟಿಗೆ ಬಂದು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಒಬ್ಬರನ್ನೊಬ್ಬರು ಅರಿಯದವರಂತೆ ದಾರಿಯುದ್ದಕ್ಕೂ ಬೇರೆ ಬೇರೆ ಕಡೆ ನಿಂತು ಹೇಳಿದ್ದರಿಂದಲೇ ಕಣ್ಣೆದುರಿನ ಆಡು ನಾಯಿಯಾಯಿತು. ಇಂದಿನ ಕೂಲಿ ಪ್ರಶಂಸೆಯ ವ್ಯಾಪಾರದ ಮರ್ಮವೂ ಇದೇ. 2017ರಲ್ಲಿ ಲಂಡನ್ ನಗರದ ಊಬಾ ಬಟ್ಲರ್ ಎಂಬ ಲೇಖಕನು ಡಲ್ವಿಚ್ ಭಾಗದಲ್ಲಿದ್ದ ತನ್ನ ಮನೆಯ ಹಿತ್ತಿಲಿನ ಗುಡಿಸಲನ್ನು ಭೋಜನಶಾಲೆಯೆಂದು ಟ್ರಿಪ್‌ಅಡ್ವೈಸರ್ ಎಂಬ ಶಿಫಾರಸು ತಾಣದಲ್ಲಿ ದಾಖಲು ಮಾಡಿಸಿದನು. ಅಲ್ಲಿ ಒಲೆ ಹೊತ್ತಿರಲಿಲ್ಲ; ಒಬ್ಬರಿಗೂ ಊಟ ಬಡಿಸಿರಲಿಲ್ಲ; ಭಕ್ಷ್ಯಗಳ ಚಿತ್ರಗಳಲ್ಲಿದ್ದುದು ಕ್ಷೌರದ ನೊರೆ ಮೊದಲಾದ ವಸ್ತುಗಳು. ಸ್ನೇಹಿತರಿಂದ ಬರೆಯಿಸಿದ ಹೊಗಳಿಕೆಗಳ ಬಲದಿಂದಲೇ ಆ ಗುಡಿಸಲು ಕೆಲವೇ ತಿಂಗಳುಗಳಲ್ಲಿ ಲಂಡನ್ನಿನ 18 ಸಾವಿರಕ್ಕೂ ಹೆಚ್ಚು ಭೋಜನಶಾಲೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಅವನು ವಿನೋದಕ್ಕಾಗಿ ಮಾಡಿದ್ದನ್ನು ಲಾಭಕ್ಕಾಗಿ ಮಾಡುವವರು ಎಷ್ಟು ಮಂದಿಯಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕೂಲಿಯವರ ಮಾತು ಹಾಗಿರಲಿ. ಪ್ರಾಮಾಣಿಕರ ತೀರ್ಪಾದರೂ ಸ್ವತಂತ್ರವಾಗಿರುವುದೇ? ಕೊಲಂಬಿಯಾ ವಿಶ್ವವಿದ್ಯಾನಿಲಯದ ಮೂವರು ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇಲ್ಲಿ ಸ್ಮರಣೀಯವಾಗಿದೆ. ಅವರು 14 ಸಾವಿರಕ್ಕೂ ಮಿಕ್ಕಿದ ಜನರಿಗೆ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಲು ಕೊಟ್ಟರು. ಕೆಲವರು ಇತರರ ಆಯ್ಕೆಯನ್ನು ಕಾಣದೆ ಆರಿಸಿದರು. ಉಳಿದವರನ್ನು ಎಂಟು ಗುಂಪುಗಳಾಗಿ ವಿಂಗಡಿಸಿ, ಅವರವರ ಗುಂಪಿನ ಹಿಂದಿನವರು ಯಾವ ಹಾಡನ್ನು ಎಷ್ಟು ಸಲ ಆರಿಸಿದ್ದಾರೆಂಬ ಲೆಕ್ಕವನ್ನು ತೋರಿಸಲಾಯಿತು. ಲೆಕ್ಕವನ್ನು ಕಂಡವರಲ್ಲಿ ಮೆಚ್ಚಿಗೆ ಪಡೆದ ಹಾಡು ಇನ್ನಷ್ಟು ಮೆಚ್ಚಿಗೆ ಪಡೆಯಿತು; ಒಂದು ಗುಂಪು ತಲೆಯ ಮೇಲೆ ಹೊತ್ತ ಹಾಡು ಇನ್ನೊಂದರಲ್ಲಿ ಮೂಲೆಗುಂಪಾದದ್ದೂ ಉಂಟು. ತೀರ ಒಳ್ಳೆಯ ಹಾಡು ಪೂರ್ತಿ ಸೋಲುವುದು ಅಪರೂಪವೆಂಬುದೇನೋ ನಿಜ. ಆದರೆ ನಡುವಿನವುಗಳ ಹಣೆಬರಹವನ್ನು ಬರೆದದ್ದು ಗುಣಕ್ಕಿಂತ ಹೆಚ್ಚಾಗಿ ಮೊದಲು ಬಂದವರ ಆಯ್ಕೆ. ನಮ್ಮವರು ಗತಾನುಗತಿಕ ನ್ಯಾಯವೆಂದದ್ದು ಇದನ್ನೇ.

ಹಾಗೆಂದು ಈ ಸೇವೆಗಳಿಂದ ಯಾವ ಪ್ರಯೋಜನವೂ ಇಲ್ಲವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಪರಸ್ಥಳಕ್ಕೆ ಹೋದ ಕುಟುಂಬಕ್ಕೆ ಸ್ನಾನಕ್ಕೆ ನೀರಿಲ್ಲದ ವಸತಿಗೃಹದ ಎಚ್ಚರಿಕೆ ಮುಂಚಿತವಾಗಿ ದೊರೆಯುವುದು ಸಣ್ಣ ಉಪಕಾರವಲ್ಲ. ಜಾಹೀರಾತಿಗೆ ಹಣವಿಲ್ಲದ ಓಣಿಯ ಖಾನಾವಳಿಯು ಹೆಸರು ಗಳಿಸಿ ಏಳಿಗೆ ಹೊಂದಿದರೆ ನಮಗೂ ಸಂತೋಷವೇ. ಆದರೆ ಈ ಉಪಕಾರವು ಧರ್ಮಾರ್ಥವಾಗಿ ನಡೆಯುತ್ತಿಲ್ಲ. ಕಾಸು ಕೇಳದ ಅಂಗಡಿಯವನು ಬೇರೆ ಏನನ್ನೋ ಎತ್ತಿಕೊಳ್ಳುತ್ತಿದ್ದಾನೆಂದು ತಿಳಿಯಲು ಹೆಚ್ಚಿನ ಪಾಂಡಿತ್ಯವು ಬೇಕಿಲ್ಲ. ಇಲ್ಲಿಗೆ ನಮ್ಮ ಎರಡನೆಯ ಪ್ರಶ್ನೆಯು ಬರುತ್ತದೆ.

"ನಿಮ್ಮ ಹೆಸರನ್ನು ತೆಗೆದುಹಾಕಿಯೇ ಲೆಕ್ಕವಿಡುತ್ತೇವೆ, ಭಯವೇಕೆ?" ಎಂದು ಕಂಪೆನಿಗಳು ಅಭಯವೀಯುವುದುಂಟು. ಈ ಅಭಯದ ಬೆಲೆಯು 2006ರಲ್ಲಿಯೇ ಬಯಲಾಯಿತು. ಆಗ ಅಮೆರಿಕದಲ್ಲಿ ಸಿನಿಮಾ ಡಿವಿಡಿಗಳನ್ನು ಅಂಚೆಯ ಮೂಲಕ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್ ಕಂಪೆನಿಯು, ತನ್ನ ಶಿಫಾರಸಿನ ಲೆಕ್ಕಾಚಾರವನ್ನು ನೂರಕ್ಕೆ 10ರಷ್ಟು ಉತ್ತಮಪಡಿಸುವವರಿಗೆ 10 ಲಕ್ಷ ಡಾಲರ್ ಬಹುಮಾನವೆಂದು ಸಾರಿ, ಸುಮಾರು 4 ಲಕ್ಷ 80 ಸಾವಿರ ಗಿರಾಕಿಗಳು ಸಿನಿಮಾಗಳಿಗೆ ಕೊಟ್ಟ 10 ಕೋಟಿ ಅಂಕಗಳನ್ನು, ಹೆಸರುಗಳನ್ನು ಅಳಿಸಿ, ಪ್ರಕಟಿಸಿತು. ಟೆಕ್ಸಸ್ ವಿಶ್ವವಿದ್ಯಾನಿಲಯದ ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಎಂಬವರು ಆ ಪಟ್ಟಿಯನ್ನು ಪರೀಕ್ಷಿಸಿದರು. ಒಬ್ಬ ಗಿರಾಕಿಯು ಅಂಕ ಕೊಟ್ಟ ಎಂಟು ಸಿನಿಮಾಗಳು ತಿಳಿದಿದ್ದರೆ, ಅವುಗಳಲ್ಲಿ ಎರಡು ತಪ್ಪಾಗಿದ್ದು ತಾರೀಖು ಹದಿನಾಲ್ಕು ದಿನ ಹೆಚ್ಚುಕಡಿಮೆಯಾದರೂ, ನೂರರಲ್ಲಿ 99 ದಾಖಲೆಗಳನ್ನು ಬೇರೆಯಾಗಿ ಗುರುತಿಸಬಹುದೆಂದು ಅವರು ತೋರಿಸಿಕೊಟ್ಟರು. ಐಎಮ್‌ಡಿಬಿ ಎಂಬ ಇನ್ನೊಂದು ತಾಣದಲ್ಲಿ ಜನರು ಬಹಿರಂಗವಾಗಿ ಕೊಟ್ಟ ಅಂಕಗಳಿಗೆ ಹೊಂದಿಸಿ ನೋಡಿದಾಗ ಕೆಲವರ ಗುರುತೇ ಸಿಕ್ಕಿತು. ಅವರು ಎಲ್ಲಿಯೂ ಹೇಳಿಕೊಳ್ಳದೆ ನೋಡಿದ ಚಿತ್ರಗಳಿಂದ ಅವರ ರಾಜಕೀಯ, ಧರ್ಮ, ಖಾಸಗಿ ಒಲವುಗಳನ್ನು ಊಹಿಸುವುದೂ ಶಕ್ಯವಾಯಿತು. 2009ರಲ್ಲಿ ಹೆಸರು ಮರೆಸಿಕೊಂಡ ಒಬ್ಬ ತಾಯಿಯೂ ಇತರ ಕೆಲವರೂ ದಾವೆ ಹೂಡಿದರು. 2010ರ ಮಾರ್ಚಿಯಲ್ಲಿ ಕಂಪೆನಿಯು ತನ್ನ ಎರಡನೆಯ ಸ್ಪರ್ಧೆಯನ್ನು ಕೈಬಿಟ್ಟಿತು. ಸೋಜಿಗವೆಂದರೆ, ಬಹುಮಾನ ಪಡೆದ ಪೂರ್ಣ ಲೆಕ್ಕಾಚಾರವನ್ನು ಕಂಪೆನಿಯು ಉಪಯೋಗಕ್ಕೆ ತರಲೇ ಇಲ್ಲ. ಶ್ರಮಕ್ಕೆ ತಕ್ಕ ಫಲವಿಲ್ಲವೆಂದು ಅದರ ಎಂಜಿನಿಯರುಗಳೇ 2012ರಲ್ಲಿ ಹೇಳಿದರು.

ಕೇವಲ ಸಿನಿಮಾದ ಅಂಕಗಳಿಂದ ಇಷ್ಟು ಹೊರಬೀಳುವುದಾದರೆ, ನಾವು ದಿನವೂ ಒಪ್ಪಿಸುತ್ತಿರುವುದರಿಂದ ಎಷ್ಟು ಹೊರಬೀಳಬಹುದು? ವಯಸ್ಸು, ಹಣ, ಮನೆಯೊಳಗಿನ ಕುಂದು, ಔಷಧ ಮೊದಲಾದ ಒಂಬತ್ತು ವಿಷಯಗಳನ್ನು ಗುಟ್ಟಾಗಿಡಬೇಕೆಂದು ನಮ್ಮ ಹಿರಿಯರು ವಿಧಿಸಿದ್ದರು. ಹುಟ್ಟಿದ ದಿನ, ಹಣ ಪಾವತಿಯ ಲೆಕ್ಕ, ಔಷಧಾಲಯದ ಚೀಟಿ, ರಾತ್ರಿಯಲ್ಲಿ ಎಲ್ಲಿದ್ದೆವೆಂಬ ಗುರುತು, ಇವೆಲ್ಲವೂ ಇಂದು ಮೊಬೈಲಿನೊಳಗಿವೆ. ಒಬ್ಬ ಸ್ತ್ರೀರೋಗತಜ್ಞೆಗೆ ಐದು ನಕ್ಷತ್ರಗಳನ್ನು ಕೊಟ್ಟ ಗೃಹಿಣಿಯು ವೈದ್ಯೆಯ ಗುಣವನ್ನು ಸಾರಿದಷ್ಟೇ ತನ್ನ ರೋಗವನ್ನೂ ಸಾರಿರುತ್ತಾಳೆ.

ಇಷ್ಟಾದರೂ, ತನ್ನ ಗುಟ್ಟನ್ನು ತಾನು ಮಾರಿಕೊಂಡರೆ ಪರರಿಗೇನೆಂದು ಕೇಳಬಹುದು. ಪರರದನ್ನೂ ಜೊತೆಗೆ ಮಾರುತ್ತಿದ್ದಾನೆಂಬುದೇ ನಮ್ಮ ಮುಖ್ಯ ಆಕ್ಷೇಪಣೆ. "ನಿಮ್ಮ ಸ್ನೇಹಿತರು ಮೆಚ್ಚಿದ್ದನ್ನು ತೋರಿಸುತ್ತೇವೆ, ದೂರವಾಣಿ ಪಟ್ಟಿಯನ್ನು ತೆರೆಯಿರಿ" ಎಂದಾಗ ಒತ್ತುವ ಒಂದು ಗುಂಡಿಯಿಂದ ಆ ಪಟ್ಟಿಯಲ್ಲಿರುವವರೆಲ್ಲರೂ ಅವರ ಒಪ್ಪಿಗೆಯಿಲ್ಲದೆಯೇ ಒಪ್ಪಿಸಲ್ಪಡುತ್ತಾರೆ. ಕೇಂಬ್ರಿಜ್ ಅನಲಿಟಿಕಾ ಪ್ರಕರಣದಲ್ಲಿ 2018ರಲ್ಲಿ ಫೇಸ್‌ಬುಕ್ ತಾನೇ ಒದಗಿಸಿದ ಲೆಕ್ಕವನ್ನು ನೋಡಿರಿ: ಸಂಬಂಧಪಟ್ಟ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು ಕೇವಲ 335 ಮಂದಿ; ಅವರ ಸ್ನೇಹದ ನಂಟಿನಿಂದ ಮಾಹಿತಿ ಸೋರಿರಬಹುದಾದವರು 5 ಲಕ್ಷ 62 ಸಾವಿರಕ್ಕೂ ಹೆಚ್ಚು. ಊರಿನ ಒಬ್ಬನು ಕೋಟೆಯ ಬಾಗಿಲನ್ನು ತೆರೆದರೆ ಊರೆಲ್ಲ ಸೂರೆಹೋಗುವ ಬಗೆಯಿದು.

ಖಾಸಗಿತನವು ಶ್ರೀಮಂತರ ವಿಲಾಸವಲ್ಲ, ಪ್ರಜೆಯ ಹಕ್ಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಫಲವಾಗಿ, 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಕ್ಕೊರಲಿನಿಂದ ಅದನ್ನು ಮೂಲಭೂತ ಹಕ್ಕೆಂದು ಸಾರಿದರು. ಕನ್ನಡ ನಾಡು ಹೆಮ್ಮೆಪಡತಕ್ಕ ಸಂಗತಿಯಿದು. ತರುವಾಯ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯು ಬಂದಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಟವು. ಕಂಪೆನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿಯನ್ನು ಕೊಡಲಾಯಿತು. ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸುವ ಅವಕಾಶವು ಅದರಲ್ಲಿದೆ. ಆದರೆ ಒಬ್ಬನು ತಾನಾಗಿ ಬಹಿರಂಗಪಡಿಸಿದ ಮಾಹಿತಿಗೆ ಈ ಕಾಯಿದೆಯು ಅನ್ವಯಿಸುವುದಿಲ್ಲವೆಂದು ಅದರ ಮೂರನೆಯ ಕಲಮು ಹೇಳುತ್ತದೆ. ಎಂದರೆ, ನಾವು ಬಹಿರಂಗವಾಗಿ ಬರೆದ ವಿಮರ್ಶೆಯಲ್ಲಿ ನಮ್ಮ ಬಗ್ಗೆ ನಾವೇ ಹೇಳಿಕೊಂಡದ್ದಕ್ಕೆ ಕಾಯಿದೆಯ ರಕ್ಷಣೆಯೇ ಇಲ್ಲ! ನೆಟ್‌ಫ್ಲಿಕ್ಸ್ ಪ್ರಕರಣದಲ್ಲಿ ಗುರುತು ಹಿಡಿಯಲು ಒದಗಿದ ಬೀಗದ ಕೈಯು ಇಂತಹ ಬಹಿರಂಗ ಬರಹವೇ ಎಂಬುದನ್ನು ಶಾಸನಕರ್ತರು ಗಮನಿಸಬೇಕಾಗಿತ್ತು.

ಆದುದರಿಂದ ಸರ್ಕಾರದವರಲ್ಲಿ ನಮ್ಮ ಒತ್ತಾಯವು ಎರಡು. ಒಂದು ಕಡೆ ಬಹಿರಂಗವಾದುದನ್ನು ಇನ್ನೊಂದು ಕಡೆಯ ಗುಟ್ಟಿನೊಡನೆ ಜೋಡಿಸಿ ವ್ಯಕ್ತಿಯ ಗುರುತು ಹಿಡಿಯುವುದನ್ನು ಕಾಯಿದೆಯು ಸ್ಪಷ್ಟವಾದ ಮಾತುಗಳಲ್ಲಿ ನಿಷೇಧಿಸಬೇಕು. ಎರಡನೆಯದಾಗಿ, ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ವಿಮರ್ಶೆಗಳಿಗಾಗಿ ಹೊರಡಿಸಿದ ಮಾನಕವು ಇಷ್ಟವಿದ್ದವರು ಪಾಲಿಸತಕ್ಕದ್ದೆಂಬ ರೀತಿಯಲ್ಲಿ ಬಂದಿತಷ್ಟೆ. ಸುಳ್ಳು ಪ್ರಶಂಸೆಯ ಕ್ರಯವಿಕ್ರಯವನ್ನು ಅಮೆರಿಕದವರು 2024ರಲ್ಲಿ ನಿಯಮದಿಂದಲೇ ನಿಷೇಧಿಸಿದಂತೆ, ಇಲ್ಲಿಯೂ ದಂಡನೆಯ ಬಲವಿರುವ ನಿಯಮವು ಬೇಕು.

ಆದರೆ ಸರ್ಕಾರವು ಮಾಡುವವರೆಗೆ ಪ್ರಜೆಗಳು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಅಧಿಕಾರಿಗಳೂ ವಕೀಲರೂ ವೈದ್ಯರೂ ಆಗಿರುವ ನಮ್ಮ ವಾಚಕರಿಗೆ ವಿಶೇಷವಾಗಿ ಹೇಳುವುದೇನೆಂದರೆ, ನಿಮ್ಮ ಮೊಬೈಲಿನಲ್ಲಿರುವ ಅರ್ಜಿದಾರರ, ಕಕ್ಷಿಗಾರರ, ರೋಗಿಗಳ ಹೆಸರುಗಳು ನಿಮ್ಮ ಸ್ವತ್ತಲ್ಲ. ನಿಮ್ಮಲ್ಲಿ ವಿಶ್ವಾಸವಿಟ್ಟು ಬಂದ ನ್ಯಾಸವವು. ಹೋಟೆಲಿನ ಇಡ್ಲಿಯ ಮೃದುತ್ವವನ್ನು ತಿಳಿಯುವ ಸಲುವಾಗಿ ಆ ನ್ಯಾಸವನ್ನು ಅಪರಿಚಿತರ ಕೈಗೆ ಹಾಕುವ ಅಧಿಕಾರವು ಯಾರಿಗೂ ಇಲ್ಲ. ಕೇಳಿದ ಅನುಮತಿಯನ್ನೆಲ್ಲ ಕೊಡದಿರುವುದು, ಅನಾವಶ್ಯಕವಾದ ಆ್ಯಪುಗಳನ್ನು ತೆಗೆದುಹಾಕುವುದು, ಬಲ್ಲವರನ್ನು ಬಾಯಿಬಿಟ್ಟು ಕೇಳುವುದು, ಇವು ಯಾರಿಗೂ ಕಷ್ಟವಾದ ಕೆಲಸಗಳಲ್ಲ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡಬೇಕೆನ್ನುವ ಗಾದೆಯುಳ್ಳ ಜನರು, ಕಾಣದವರ ನಕ್ಷತ್ರಗಳಿಗಾಗಿ ಮನೆಯ ಗುಟ್ಟನ್ನೂ ನೆರೆಯವರ ಗುಟ್ಟನ್ನೂ ತೆರುವುದು ವಿವೇಕವೂ ಅಲ್ಲ, ಧರ್ಮವೂ ಅಲ್ಲವೆಂಬುದು ನಮ್ಮ ನಿಶ್ಚಿತವಾದ ಅಭಿಪ್ರಾಯ.