ಕೆರೆಗೆ ಕಮಾನೇಕೆ?

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಕೆರೆಯ ದಂಡೆಗೊಂದು ಉದ್ಯಾನ ಬೇಕೆಂದರೆ ಬೇಡವೆನ್ನುವಷ್ಟು ಅರಸಿಕ ನಾನಲ್ಲ. ವೈಶಾಖದಲ್ಲಿ ಎರೆಭೂಮಿ ಬಾಯಿಬಿಟ್ಟು ಕಾದಿರುವಾಗ, ಸಂಜೆಗೊಂದಿಷ್ಟು ನೆರಳು, ತುಸು ತಂಗಾಳಿ ಯಾರಿಗೆ ಬೇಡ? ಗಂಡಸರಿಗೆ ಹೇಗೂ ಚಹದಂಗಡಿಯ ಕಟ್ಟೆಯಿದೆ. ಹೆಣ್ಣುಮಕ್ಕಳು ಕಾರಣವಿಲ್ಲದೆ ಸುಮ್ಮನೆ ಕೂಡ್ರುವ ಜಾಗ, ಗುಡಿಯೊಂದನ್ನು ಬಿಟ್ಟರೆ, ನಮ್ಮ ಊರುಗಳಲ್ಲಿ ಎಲ್ಲಿದೆ? ಉದ್ಯಾನ ಬೇಕು. ಆದರೆ ಎಂಥದು? ಇಲ್ಲಿಯೇ ನಮ್ಮ ಸುಧಾರಕ ಮಹಾಶಯರಿಗೂ ನನಗೂ ಜಗಳ.

ಅವರ ಕಲ್ಪನೆಯ ಉದ್ಯಾನದಲ್ಲಿ ಮೊದಲು ಏಳುವುದು ಕಮಾನು. ಆಮೇಲೆ ಕಬ್ಬಿಣದ ಬೇಲಿ, ಟಿಕೇಟಿನ ಕಿಂಡಿ, ಸಿಮೆಂಟಿನ ಜಿಂಕೆ, ಬಣ್ಣದ ಕಾರಂಜಿ, ನಾಲ್ಕು ದೋಣಿ. ನೀರು ಬರುವುದು ಕಡೆಗೆ, ಅದೂ ಬಂದರೆ. ಕೆರೆಗೆ ಮಳೆನೀರು ತರುವ ಕಾಲುವೆ ಹೂಳು ತುಂಬಿ, ಜಾಲಿ ಬೆಳೆದು, ನಿವೇಶನಗಳ ಹೊಟ್ಟೆ ಸೇರಿದ್ದರೂ ಅತ್ತ ನೋಡುವವರಿಲ್ಲ. ಹೂಳೆತ್ತಿದ ಕಾಲುವೆಯ ಮುಂದೆ ನಿಂತರೆ ಉದ್ಘಾಟನೆಯ ಫೋಟೋ ಚೆಂದ ಬರುವುದಿಲ್ಲವಲ್ಲ! ದಂಡೆಯನ್ನು ಸುತ್ತಲೂ ಕಲ್ಲು ಕಟ್ಟಿ ನೆಟ್ಟಗೆ ನಿಲ್ಲಿಸಿದರಂತೂ ದನ ಇಳಿಯಲಾರವು, ಕೊಕ್ಕರೆ ಕಾಲೂರಲಾರದು. ಅಂಥದಕ್ಕೆ ನಮ್ಮ ಕಡೆ ಟಾಕಿ ಎನ್ನುತ್ತಾರೆ.

ಗದುಗಿನ ಭೀಷ್ಮಕೆರೆಯಲ್ಲಿ 116 ಅಡಿಯ ಬಸವಣ್ಣನವರು ನಿಂತಿದ್ದಾರೆ. ಜನ ನೋಡಲು ಹೋಗುತ್ತಾರೆ, ಹೋಗಲಿ. ಆದರೆ ಸ್ಥಾವರಕ್ಕಿಂತ ಜಂಗಮವನ್ನೇ ಹಿರಿದೆಂದು ಬಗೆದ ಆ ಮಹಾನುಭಾವರನ್ನೇ ಕೇಳಿದ್ದರೆ, ಮೊದಲು ನೀರು ಹರಿದು ಬರುವ ದಾರಿ ನೋಡಿರಪ್ಪಾ ಎಂದಾರು.

ನೀರಿನ ಬೆಲೆಯನ್ನು ನರಗುಂದಕ್ಕೆ ಯಾರೂ ಕಲಿಸಬೇಕಾಗಿಲ್ಲ. 1980ರ ಜುಲೈಯಲ್ಲಿ, ಮಲಪ್ರಭೆಯ ಕಾಲುವೆಯ ಹೆಸರಿನಲ್ಲಿ ಹೇರಿದ ಕರದ ವಿರುದ್ಧ ರೈತರು ಎದ್ದು ಗೋಲೀಬಾರು ನಡೆದದ್ದು ಇಲ್ಲಿ. 2015ರ ಜುಲೈಯಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತದ್ದೂ ಇಲ್ಲಿಯೇ. ಇಂಥ ಸೀಮೆಯಲ್ಲಿ ಕೆರೆಯನ್ನು ಬರೀ ಕಣ್ಣಿನ ಹಬ್ಬಕ್ಕೆ ಸಿಂಗರಿಸಿ ಇಡುವುದು ಅಪಚಾರವಲ್ಲವೆ?

ಮಾದರಿ ಬೇಕಾದರೆ ದೂರ ಹೋಗಬೇಕಿಲ್ಲ. ಚಾಳುಕ್ಯರ ಅಕ್ಕಾದೇವಿ ಆಳಿದ ಸೂಡಿ ಗಜೇಂದ್ರಗಡದ ಹತ್ತಿರವೇ ಇದೆ. ಅಲ್ಲಿಯ ನಾಗಕುಂಡ 11ನೆಯ ಶತಮಾನದ್ದು. ಅದನ್ನು ಕಟ್ಟಿದವರು ಶಿಲ್ಪದ ಅಂದವನ್ನೂ ಬಿಡಲಿಲ್ಲ, ನೀರನ್ನೂ ಮರೆಯಲಿಲ್ಲ. ಕೊಡ ತುಂಬಿಕೊಳ್ಳಲು ಬಂದವಳಿಗೂ, ಕಾಲು ಇಳಿಬಿಟ್ಟು ಹರಟಲು ಬಂದವನಿಗೂ ಅವೇ ಮೆಟ್ಟಿಲು. ವಿಹಾರವೆಂದು ಬೇರೆ ಹೆಸರಿಟ್ಟು ಬಾಗಿಲು ಹಚ್ಚುವ ಗೋಜಿಗೆ ಆ ಹಿರಿಯರು ಹೋಗಲಿಲ್ಲ.

ಮೂರೂ ಪುರಸಭೆಗಳವರಲ್ಲಿ ಕೇಳುವುದಿಷ್ಟೆ: ಮೊದಲ ರೂಪಾಯಿ ಕಾಲುವೆಯ ಹೂಳಿಗೆ ಹೋಗಲಿ. ಹುಲ್ಲುಹಾಸಿನ ಚೈನಿ ಬೇಡ, ದಂಡೆಗೆ ಬೇವು ಹಚ್ಚಿ, ಹುಣಸೆ ಹಚ್ಚಿ. ಸಂಜೆಗೆ ದೀಪ, ಹೆಣ್ಣುಮಕ್ಕಳಿಗೆ ಬೀಗ ಹಾಕದ ಶೌಚಾಲಯ. ಇವಿಲ್ಲದೆ ಕಟ್ಟಿದ ಉದ್ಯಾನ ಮತ್ತೆ ಗಂಡಸರ ಕಟ್ಟೆಯೇ. ಟಿಕೇಟು ಯಾರಿಗೂ ಬೇಡ. ದೋಣಿಯ ಮಾತನ್ನು, ಕೆರೆಯಲ್ಲಿ ವೈಶಾಖದವರೆಗೆ ನೀರು ನಿಂತ ವರ್ಷ ಆಡೋಣ.