ಬೀದಿಯ ಧೂಳೂ ಕೆರೆಯ ನೀರೂ

2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ಹೊತ್ತಿ ಉರಿದಂದಿನಿಂದ ಬೆಂಗಳೂರಿನ ಕೆರೆಗಳನ್ನು ಕುರಿತು ನಡೆದಿರುವ ವಾದವಿವಾದಗಳಲ್ಲಿ ಬಹುಪಾಲು ಒಳಚರಂಡಿಯ ಕೊಳಚೆಯನ್ನೇ ದೂಷಿಸಿವೆ. ಕೊಳಚೆಯ ಅಪರಾಧವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಶುದ್ಧೀಕರಣ ಘಟಕಗಳನ್ನು ಕಟ್ಟಿಬಿಟ್ಟಮಾತ್ರಕ್ಕೆ ಕೆರೆಗಳು ತಿಳಿಯಾಗುವುವೆಂಬ ಆಶ್ವಾಸನವನ್ನು ಒಪ್ಪಲಾರೆ. ನಮ್ಮ ನಗರದ ಯೋಜನೆಯಂತೆ ಒಳಚರಂಡಿಯ ಮಾರ್ಗ ಬೇರೆ, ಮಳೆನೀರಿನ ಮಾರ್ಗ ಬೇರೆ. ರಸ್ತೆಯ ಮೇಲೆ ಬಿದ್ದ ಮಳೆ ಯಾವ ಘಟಕವನ್ನೂ ಹೊಗದೆ ಮೋರಿಯಿಂದ ರಾಜಕಾಲುವೆಗೂ ಅಲ್ಲಿಂದ ಕೆರೆಗೂ ಇಳಿಯುತ್ತದೆ.

ಒಣ ತಿಂಗಳುಗಳಲ್ಲಿ ಆ ರಸ್ತೆಯ ಮೇಲೆ ಏನು ಸಂಚಯವಾಗುತ್ತದೆಂಬುದನ್ನು ಅರಿಯಲು ಸಿಗ್ನಲ್ಲಿನ ಬಳಿ ನಿಂತು ನೆಲದ ಕಡೆ ದೃಷ್ಟಿಯಿಟ್ಟರೆ ಸಾಕು. ನಿಂತ ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ ಡಾಂಬರಿನ ಮೇಲೆ ಕಪ್ಪಾಗಿ ಮಿರುಗುತ್ತಿರುತ್ತದೆ. ಬ್ರೇಕಿನಿಂದ ಉದುರಿದ ತಾಮ್ರದ ಪುಡಿಯೂ, ಟಯರು ಸವೆದು ಬಿದ್ದ, ಸತುವನ್ನೊಳಗೊಂಡ ರಬ್ಬರಿನ ಕಣಗಳೂ, ಹೊಗೆಯ ಮಸಿಯೂ ಒಂದುಗೂಡಿ ರಸ್ತೆಯಂಚಿನ ಕಲ್ಲಿನ ಮಗ್ಗುಲಲ್ಲಿ ನುಣ್ಣನೆಯ ಬೂದುಬಣ್ಣದ ಧೂಳಾಗಿ ಕುಳಿತಿರುತ್ತವೆ. ಅಶ್ವಿನಿಯೋ ಭರಣಿಯೋ ಒಮ್ಮೆ ಸುರಿದೊಡನೆ ಮೋರಿಯ ಬಾಯಿಗೆ ಮೊದಲು ನುಗ್ಗುವ ನೀರು ಮಸಿಯಂತಿದ್ದು, ಅದರ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ತೇಲುತ್ತದೆ.

ಗುಡಿಸಿದರಾಯಿತಲ್ಲವೆ ಎನ್ನುವವರುಂಟು. ಅಮೆರಿಕದಲ್ಲಿ ಸಾರ್ಟರ್ ಮತ್ತು ಬಾಯ್ಡ್ ಎಂಬವರು 1972ರಲ್ಲಿ ಪ್ರಕಟಿಸಿದ ಪರಿಶೋಧನೆಯ ಪ್ರಕಾರ, 43 ಮೈಕ್ರಾನಿಗಿಂತ ಸಣ್ಣದಾದ ಕಣಗಳು ಬೀದಿಯ ಕಸದ ತೂಕದಲ್ಲಿ ಶೇಕಡ 6ರಷ್ಟೇ ಇದ್ದರೂ, ಭಾರಲೋಹಗಳ ಅರ್ಧಕ್ಕೂ ಮಿಕ್ಕ ಭಾಗ ಅವುಗಳಲ್ಲೇ ಅಡಗಿತ್ತು. ಗುಡಿಸುವ ಯಂತ್ರದ ಕುಂಚಗಳು ಹಿಂದೆ ಬಿಟ್ಟುಹೋಗುತ್ತಿದ್ದುದೂ ಈ ಕಣಗಳನ್ನೇ. ಯಂತ್ರಕ್ಕೆ ಸಿಕ್ಕದ್ದನ್ನು ಪೌರಕಾರ್ಮಿಕಳ ಕಡ್ಡಿಪೊರಕೆ ಹಿಡಿಯಬೇಕೆಂದು ಬಯಸುವುದು ಅನ್ಯಾಯ. ಹೀಗೆ ಬೀದಿಯಲ್ಲುಳಿದದ್ದು ನೀರಿಗಿಳಿದರೆ ಎಷ್ಟು ಮಾರಕವೆಂಬುದಕ್ಕೆ ನಿದರ್ಶನವೂ ಉಂಟು: ಸಿಯಾಟಲ್ ಪ್ರದೇಶದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಸಾಯುತ್ತಿದ್ದ ಕೋಹೋ ಸಾಮನ್ ಮೀನುಗಳ ಮೃತ್ಯುಕಾರಣವು ಟಯರಿನ ರಾಸಾಯನಿಕವೊಂದರಿಂದ ಹುಟ್ಟಿದ ವಿಷವೆಂಬುದು 2020ರಲ್ಲಿ ಸಿದ್ಧವಾಯಿತು.

ಇಷ್ಟಾದರೂ ನಾವು ರಾಜಕಾಲುವೆಗಳ ತಳಕ್ಕೂ ಗೋಡೆಗೂ ಕಾಂಕ್ರೀಟು ಹಾಕಿ ಅದನ್ನು ಅಭಿವೃದ್ಧಿಯೆನ್ನುತ್ತಿದ್ದೇವೆ. ಮಣ್ಣಿನ ತಳವೂ ಜೊಂಡೂ ಇದ್ದ ಕಾಲುವೆಯಲ್ಲಿ ನೀರು ನಿಧಾನಿಸಿ, ಹೂಳು ತಂಗಿ, ವಿಷದ ಒಂದಂಶ ದಾರಿಯಲ್ಲೇ ಉಳಿಯುತ್ತಿತ್ತು. ಕಾಂಕ್ರೀಟಿನ ಮೇಲೆ ಅದು ತಡೆಯಿಲ್ಲದೆ ಧಾವಿಸಿ, ವೃಷಭಾವತಿಯ ಮೂಲಕ ಅರ್ಕಾವತಿಗೂ, ಬೆಳ್ಳಂದೂರು ವರ್ತೂರುಗಳ ಮೂಲಕ ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ಪ್ರವಾಹದ ಭಯವನ್ನು ಮುಂದೊಡ್ಡಿ ಕಾಂಕ್ರೀಟನ್ನು ಸಮರ್ಥಿಸುವವರು ಕೆಳಗಿನ ಊರುಗಳ ರೈತರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನಗರಾಡಳಿತವು ಕಾಲುವೆಯ ತಳಕ್ಕೆ ಕಾಂಕ್ರೀಟು ಸುರಿಯುವುದನ್ನು ಈ ವರ್ಷವೇ ನಿಲ್ಲಿಸಲಿ. ಮುಂಗಾರಿಗೆ ಮುನ್ನ ನುಣ್ಧೂಳನ್ನು ಹೀರಿ ತೆಗೆಯುವ ಯಂತ್ರಗಳನ್ನು ಬೀದಿಗಿಳಿಸಲಿ. ಎತ್ತಿದ ಹೂಳನ್ನು ಮೋರಿಯ ದಡದಲ್ಲೇ ಗುಡ್ಡೆಹಾಕದೆ ಅಂದೇ ಸಾಗಿಸಲಿ. ಕೆರೆಗಳ ಒಳಹರಿವಿನಲ್ಲಿ ಜೊಂಡಿನ ಜೌಗನ್ನು ಮತ್ತೆ ಬೆಳೆಸಲಿ.