ಒಂದು ಗಣಕಯಂತ್ರ, ಹಲವು ವ್ಯವಸ್ಥೆಗಳು

ಗಣಕಯಂತ್ರವು ಇಂದು ಅನೇಕ ಮನೆಗಳಲ್ಲಿ ಸಾಮಾನ್ಯ ಸಾಧನವಾಗಿದೆ. ಆದರೆ ಯಂತ್ರವು ಬೇರೆ, ಅದನ್ನು ನಡೆಸುವ ವ್ಯವಸ್ಥೆಯು ಬೇರೆ ಎಂಬ ತಿಳಿವಳಿಕೆಯೂ ಅಷ್ಟೇ ಸಾಮಾನ್ಯವಾಗಿದೆ ಎನ್ನಲಾಗದು. ಅಂಗಡಿಯಿಂದ ತಂದ ದಿನ ಪರದೆಯ ಮೇಲೆ ಮೂಡಿದುದನ್ನೇ ಗಣಕಯಂತ್ರವೆಂದು ಭಾವಿಸಿ ವರ್ಷಗಟ್ಟಲೆ ಬಳಸುವವರೇ ಹೆಚ್ಚು. ಒಂದು ಕಡೆ ಬರವಣಿಗೆ, ಲೆಕ್ಕಪತ್ರ, ಅಂತರಜಾಲ ಮೊದಲಾದ ಕೆಲಸಗಳು, ಇನ್ನೊಂದು ಕಡೆ ಯಂತ್ರದ ಬಿಡಿಭಾಗಗಳು. ಇವೆರಡರ ನಡುವೆ ನಿಂತು ಎಲ್ಲವನ್ನೂ ಹೊಂದಿಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ. ಒಂದೇ ಯಂತ್ರದಲ್ಲಿ ಇಂತಹ ಎರಡು ಮೂರು ವ್ಯವಸ್ಥೆಗಳನ್ನು ಅಳವಡಿಸಿ, ಯಂತ್ರವನ್ನು ಚಾಲೂ ಮಾಡುವಾಗ ಬೇಕಾದುದನ್ನು ಆರಿಸಿಕೊಳ್ಳಲು ಸಾಧ್ಯವಿದೆ. ಇದನ್ನು ಕೇವಲ ತಜ್ಞರ ಹವ್ಯಾಸವೆಂದು ಬದಿಗಿರಿಸುವುದು ಸರಿಯಲ್ಲ. ವಿದ್ಯಾರ್ಥಿಗಳಿರುವ ಪ್ರತಿಯೊಂದು ಮನೆಯೂ, ಪ್ರತಿಯೊಂದು ಶಾಲೆಯೂ ಗಂಭೀರವಾಗಿ ಪರಿಶೀಲಿಸಬೇಕಾದ ವಿಷಯವಿದು.

ಈ ಪರಿಶೀಲನೆಗೆ ಕಾಲವೂ ಒದಗಿಬಂದಿದೆ. ೨೦೧೫ರಲ್ಲಿ ಹೊರಬಂದು ಲೋಕದಾದ್ಯಂತ ಬಳಕೆಗೆ ಬಂದ ವಿಂಡೋಸ್ ೧೦ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಆ ಬಳಿಕದ ಭದ್ರತಾ ಪರಿಷ್ಕರಣೆಗಳು ಷರತ್ತುಗಳಿಗೊಳಪಟ್ಟು ಸೀಮಿತ ಅವಧಿಗೆ ಮಾತ್ರ ದೊರೆಯತಕ್ಕವು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ಭದ್ರತಾ ಅಂಗವು ಬೇಕು. ೨೦೧೭ಕ್ಕೆ ಹಿಂದಿನ ಇಂಟೆಲ್ ಪ್ರೊಸೆಸರುಗಳಲ್ಲಿ ಬಹುಪಾಲು ಅದರ ಮಾನ್ಯ ಪಟ್ಟಿಯಲ್ಲಿಲ್ಲ. ಪರಿಣಾಮವಾಗಿ, ಕೀಲಿಮಣೆ ಸವೆಯದ, ಪರದೆ ಮಸುಕಾಗದ ಎಷ್ಟೋ ಯಂತ್ರಗಳು 'ಹಳತಾದವು' ಎಂಬ ಹಣೆಪಟ್ಟಿ ಹೊತ್ತು ಮೂಲೆ ಸೇರುತ್ತಿವೆ. ಇಲ್ಲಿ ಮುಪ್ಪಾದುದು ಯಂತ್ರವೇ ಅಥವಾ ವ್ಯವಸ್ಥೆಯೇ ಎಂದು ಕೇಳುವವರು ವಿರಳ.

ಯಂತ್ರಕ್ಕೂ ವ್ಯವಸ್ಥೆಗೂ ಇರುವ ನಂಟು ಹುಟ್ಟಿನಿಂದ ಬಂದುದಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ೧೯೮೧ರ ಆಗಸ್ಟ್ ೧೨ರಂದು ಐಬಿಎಂ ಸಂಸ್ಥೆಯು ತನ್ನ ವೈಯಕ್ತಿಕ ಗಣಕವನ್ನು ಪ್ರಕಟಿಸಿದಾಗ ಅದಕ್ಕೆ ಮೂರು ವ್ಯವಸ್ಥೆಗಳನ್ನು ಹೆಸರಿಸಲಾಗಿತ್ತು: ಪಿಸಿ ಡಾಸ್, ಸಿಪಿ/ಎಂ-೮೬ ಮತ್ತು ಯುಸಿಎಸ್‌ಡಿ ಪಿ-ಸಿಸ್ಟಂ. ಮಾರುಕಟ್ಟೆಯಲ್ಲಿ ಮೊದಲನೆಯದರ ಬೆಲೆ ೪೦ ಡಾಲರ್ ಆಗಿದ್ದರೆ ಎರಡನೆಯದರದು ೨೪೦ ಡಾಲರ್ ಆಗಿತ್ತು. ಜನರ ಆಯ್ಕೆ ಯಾವ ಕಡೆ ವಾಲಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಬೆಲೆಯಿಂದ ಆರಂಭವಾದ ರೂಢಿಯು ಕ್ರಮೇಣ ಪ್ರಕೃತಿನಿಯಮವೆಂಬಂತೆ ಕಾಣತೊಡಗಿತು. ತನ್ನ ಯಂತ್ರವನ್ನು ತನ್ನದೇ ವ್ಯವಸ್ಥೆಯೊಡನೆ ಮಾರುವ ಆಪಲ್ ಸಂಸ್ಥೆಯು ಕೂಡ ೨೦೦೬ರಲ್ಲಿ ಬೂಟ್ ಕ್ಯಾಂಪ್ ಎಂಬ ಸಾಧನವನ್ನು ನೀಡಿ, ಇಂಟೆಲ್ ಆಧಾರಿತ ಮ್ಯಾಕಿನಲ್ಲಿ ವಿಂಡೋಸ್ ಅಳವಡಿಸಲು ಅವಕಾಶ ಕೊಟ್ಟಿತು. ೨೦೨೦ರಿಂದ ಬಂದ ಆಪಲ್‌ನ ಸ್ವಂತ ಪ್ರೊಸೆಸರಿನ ಯಂತ್ರಗಳಲ್ಲಿ ಆ ಸಾಧನವಿಲ್ಲ. ತಯಾರಕರು ಕೊಟ್ಟ ಸೌಲಭ್ಯವನ್ನು ತಯಾರಕರೇ ಹಿಂತೆಗೆದುಕೊಳ್ಳಬಲ್ಲರೆಂಬುದನ್ನೂ ಇದರಿಂದ ಅರಿಯಬೇಕು.

ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳು ಬಾಳಿದ ಅತ್ಯಂತ ಫಲಪ್ರದ ಪ್ರಸಂಗವು ನಡೆದುದು ಫಿನ್ಲೆಂಡಿನ ಹೆಲ್ಸಿಂಕಿಯ ಒಂದು ಮನೆಯಲ್ಲಿ. ೧೯೯೧ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ೩೮೬ ಗಣಕದಲ್ಲಿ ಮಿನಿಕ್ಸ್ ಎಂಬ ಬೋಧನಾರ್ಥ ವ್ಯವಸ್ಥೆಯನ್ನು ಇರಿಸಿಕೊಂಡು, ಅದರ ಆಸರೆಯಲ್ಲಿ ತನ್ನದೇ ಆದ ಮತ್ತೊಂದನ್ನು ರಚಿಸುತ್ತಿದ್ದನು. ಒಮ್ಮೆ ಮೋಡೆಮ್ಮಿಗೆ ಹೋಗಬೇಕಾಗಿದ್ದ ಆದೇಶವನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಕಳುಹಿಸಿದ ಕಾರಣ ಮಿನಿಕ್ಸ್ ಇದ್ದ ಭಾಗವು ಕೆಟ್ಟುಹೋಯಿತು. ಅದನ್ನು ಮರಳಿ ಅಳವಡಿಸುವ ಬದಲು ತನ್ನ ರಚನೆಯನ್ನೇ ಸ್ವಾವಲಂಬಿಯಾಗಿಸಲು ಅವನು ನಿರ್ಧರಿಸಿದನು. ಹಾಗೆ ಬೆಳೆದುದೇ ಲಿನಕ್ಸ್. ೧೯೮೩ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆಯ ತಂತ್ರಾಂಶಗಳೊಡನೆ ಕೂಡಿ ಅದು ಇಂದು ಯಾರು ಬೇಕಾದರೂ ಪಡೆದು, ಓದಿ, ತಿದ್ದಿ, ಹಂಚಬಹುದಾದ ಪೂರ್ಣ ವ್ಯವಸ್ಥೆಯಾಗಿದೆ. ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಎರಡು ವ್ಯವಸ್ಥೆಗಳಿಗೆ ಎಡೆಗೊಟ್ಟ ಯಂತ್ರದಲ್ಲಿ ಹೊಸತು ಹುಟ್ಟಬಹುದು. ಎಚ್ಚರ ತಪ್ಪಿದರೆ ಇದ್ದುದೂ ಹೋಗಬಹುದು.

ಆದುದರಿಂದ ಎಚ್ಚರದ ಮಾತು ಇಲ್ಲಿ ಅವಶ್ಯ. ಹಾರ್ಡ್ ಡಿಸ್ಕನ್ನು ಒಂದು ಹೊಲವೆಂದು ಭಾವಿಸಿದರೆ, ಪಾರ್ಟಿಷನ್ನುಗಳು ಅದರಲ್ಲಿ ಹಾಕಿದ ಬದುಗಳು. ಯಾವ ತುಂಡು ಎಲ್ಲಿಂದ ಎಲ್ಲಿಯವರೆಗೆ ಎಂಬ ದಾಖಲೆಯು ಡಿಸ್ಕಿನ ಮೊದಲಿಗೇ ಇರುತ್ತದೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಈ ದಾಖಲೆಗೆ ದೊರೆಯುವುದು ೬೪ ಬೈಟುಗಳ ಸ್ಥಳ. ನಾಲ್ಕು ಮುಖ್ಯ ಪಾರ್ಟಿಷನ್ನುಗಳಿಗಿಂತ ಹೆಚ್ಚು ಅದರಲ್ಲಿ ಹಿಡಿಯವು. ಈಚಿನ ಜಿಪಿಟಿ ಪದ್ಧತಿಯು ಸಾಮಾನ್ಯವಾಗಿ ೧೨೮ಕ್ಕೆ ಎಡೆಮಾಡುವುದಲ್ಲದೆ, ದಾಖಲೆಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಕಾಯ್ದಿಡುತ್ತದೆ. ವಿಂಡೋಸ್ ಮೊದಲು, ಲಿನಕ್ಸ್ ಅನಂತರ ಎಂಬ ಅನುಕ್ರಮವೇ ಲೇಸು. ಏಕೆಂದರೆ ವಿಂಡೋಸ್ ತನ್ನನ್ನು ಅಳವಡಿಸಿಕೊಳ್ಳುವಾಗ ಆರಂಭದ ಹಕ್ಕನ್ನು ತನಗೇ ವಹಿಸಿಕೊಳ್ಳುತ್ತದೆ. ಲಿನಕ್ಸಿನೊಡನೆ ಬರುವ ಗ್ರಬ್ ಎಂಬ ತಂತ್ರಾಂಶವಾದರೋ ಎರಡನ್ನೂ ಪಟ್ಟಿಮಾಡಿ ಆಯ್ಕೆಯನ್ನು ಬಳಕೆದಾರರಿಗೆ ಬಿಡುತ್ತದೆ.

ಬದು ಹಾಕುವ ಮುನ್ನ ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿರಿಸುವುದು ಮೊದಲ ಕರ್ತವ್ಯ. ಬಿಟ್‌ಲಾಕರ್ ಎಂಬ ಗೂಢಲಿಪಿಯ ರಕ್ಷಣೆಯಿದ್ದಲ್ಲಿ ಅದರ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದಿಡತಕ್ಕದ್ದು. ಆ ೪೮ ಅಂಕೆಗಳಿಲ್ಲದೆ ಮುಂದೆ ಬಾಗಿಲು ತೆರೆಯದೆ ಹೋಗಬಹುದು. ವಿಂಡೋಸಿನ ಪಾರ್ಟಿಷನ್ನನ್ನು ವಿಂಡೋಸಿನ ಒಳಗಿನಿಂದಲೇ ಕುಗ್ಗಿಸಿ, ೪೦ ಜಿಬಿಯಷ್ಟು ಸ್ಥಳವನ್ನು ತೆರವು ಮಾಡಿದರೆ ಎರಡನೆಯ ವ್ಯವಸ್ಥೆಗೆ ಸಾಲುತ್ತದೆ. 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯವನ್ನು ನಿಲ್ಲಿಸಬೇಕು. ಅದು ಯಂತ್ರವನ್ನು ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿ ಇರಿಸುವುದರಿಂದ, ಅದೇ ಪಾರ್ಟಿಷನ್ನಿನಲ್ಲಿ ಇನ್ನೊಂದು ವ್ಯವಸ್ಥೆಯು ಬರೆದರೆ ಕಡತಗಳು ಕೆಡುವ ಸಂಭವವಿದೆ. ಇದಾವುದಕ್ಕೂ ಮೊದಲು, ಪೆನ್ ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ಯಂತ್ರದ ಧ್ವನಿ, ಮುದ್ರಣ, ವೈಫೈ ಸರಿಯಾಗಿವೆಯೇ ಎಂದು ನೋಡಿಕೊಳ್ಳಬಹುದು. ಆಗ ಡಿಸ್ಕಿನ ಗೊಡವೆಗೇ ಹೋಗಬೇಕಾಗಿಲ್ಲ. ಕೊನೆಗೆ ಗಡಿಯಾರದ ಒಂದು ಸಣ್ಣ ತೊಡಕು. ಯಂತ್ರದ ಒಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ವೇಳೆಯೆಂದೂ ಲಿನಕ್ಸ್ ಸಾರ್ವತ್ರಿಕ ವೇಳೆಯೆಂದೂ ಓದುವುದರಿಂದ, ನಮ್ಮ ದೇಶದಲ್ಲಿ ಒಂದರಿಂದ ಇನ್ನೊಂದಕ್ಕೆ ಬಂದಾಗ ವೇಳೆಯು ಐದೂವರೆ ಗಂಟೆ ಹಿಂದುಮುಂದಾಗಿ ಕಾಣುವುದುಂಟು. ಎರಡರಲ್ಲೊಂದರ ಹೊಂದಾಣಿಕೆಯನ್ನು ಬದಲಿಸಿದರೆ ತೊಡಕು ನೀಗುತ್ತದೆ.

ಕನ್ನಡದ ಮಟ್ಟಿಗೆ ಎರಡನೆಯ ವ್ಯವಸ್ಥೆಯು ಒರೆಗಲ್ಲಿನ ಕೆಲಸವನ್ನೂ ಮಾಡುತ್ತದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡಿಗರಿಗೆ ಮಾಡಿದ ಉಪಕಾರವು ದೊಡ್ಡದು. ಆದರೆ ಅವುಗಳ ಹಳೆಯ ಆವೃತ್ತಿಗಳಲ್ಲಿ ಬರೆದ ಕಡತಗಳ ಒಳಗೆ ಇರುವುದು ಆಯಾ ಫಾಂಟಿಗೆ ಮಾತ್ರ ತಿಳಿದ ಸಂಕೇತಗಳು. ಆ ಫಾಂಟು ಇಲ್ಲದ ಇನ್ನೊಂದು ವ್ಯವಸ್ಥೆಯಲ್ಲಿ ತೆರೆದೊಡನೆ ಕನ್ನಡವು ಮಾಯವಾಗಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತದೆ. ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡ ಲಿಪಿಗೆ ಸ್ಥಾನ ನೀಡಿರುವ ಯೂನಿಕೋಡಿನಲ್ಲಿ ಬರೆದುದಾದರೆ ಎಲ್ಲ ವ್ಯವಸ್ಥೆಗಳಲ್ಲಿಯೂ ಕನ್ನಡವಾಗಿಯೇ ತೆರೆಯುತ್ತದೆ. ಹಳೆಯ ದಾಖಲಾತಿ ಪಟ್ಟಿ, ಸಂಚಿಕೆಗಳ ಬರಹ, ಪ್ರಶ್ನೆಪತ್ರಿಕೆ ಮೊದಲಾದವನ್ನು ಗಣಕದಲ್ಲಿ ಕೂಡಿಟ್ಟಿರುವ ಶಾಲೆಗಳು ಎರಡನೆಯ ವ್ಯವಸ್ಥೆಯಲ್ಲಿ ಅವನ್ನು ಒಮ್ಮೆ ತೆರೆದು ನೋಡುವುದು ಒಳಿತು. ತೆರೆಯದ ಕಡತವು ಶಾಲೆಯ ಸ್ವತ್ತಾಗಿ ಉಳಿದಿಲ್ಲವೆಂದೇ ತಿಳಿದು, ಕಾಲ ಮೀರುವ ಮುನ್ನ ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಒಂದನ್ನೇ ಸಂಭಾಳಿಸುವುದು ಕಷ್ಟವಾಗಿರುವಲ್ಲಿ ಎರಡೇಕೆ ಎಂಬುದು ಮೊದಲನೆಯದು. ಎರಡಕ್ಕೂ ಪ್ರತ್ಯೇಕ ಪರಿಷ್ಕರಣೆ ಬೇಕು, ಸ್ಥಳವೂ ಹಂಚಿಹೋಗುತ್ತದೆ ಎಂಬುದು ದಿಟ. ೨೦೨೪ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಭದ್ರತಾ ಪರಿಷ್ಕರಣೆಯ ಬಳಿಕ ಎರಡು ವ್ಯವಸ್ಥೆಗಳಿದ್ದ ಕೆಲವು ಯಂತ್ರಗಳಲ್ಲಿ ಲಿನಕ್ಸ್ ಆರಂಭವಾಗದೆ ಹೋದುದೂ ಉಂಟು. ವರ್ಚುಯಲ್ ಯಂತ್ರದ ವಿಧಾನದಿಂದ ಒಂದು ವ್ಯವಸ್ಥೆಯ ಒಳಗೇ ಇನ್ನೊಂದನ್ನು ನಡೆಸಬಹುದಲ್ಲಾ ಎಂಬುದು ಎರಡನೆಯ ಆಕ್ಷೇಪ. ಸಾಕಷ್ಟು ಮೆಮೊರಿಯುಳ್ಳ ಹೊಸ ಯಂತ್ರಕ್ಕೆ ಅದು ಉತ್ತಮ ಮಾರ್ಗವೇ ಸರಿ. ಆದರೆ ೪ ಜಿಬಿ ಮೆಮೊರಿಯ ಹಳೆಯ ಯಂತ್ರವು ಎರಡು ವ್ಯವಸ್ಥೆಗಳ ಭಾರವನ್ನು ಏಕಕಾಲದಲ್ಲಿ ಹೊರಲಾರದು. ಮೇಲಾಗಿ, ಒಳಗಿನ ವ್ಯವಸ್ಥೆಯು ಹೊರಗಿನದನ್ನೇ ಆಶ್ರಯಿಸಿರುವುದರಿಂದ ಹೊರಗಿನದು ಕೆಟ್ಟ ದಿನ ಒಳಗಿನದೂ ದೊರೆಯದು. ಅಕ್ಕಪಕ್ಕದಲ್ಲಿ ಅಳವಡಿಸಿದಲ್ಲಿ ಒಂದು ಕೆಟ್ಟಾಗ ಇನ್ನೊಂದರಿಂದ ಕಡತಗಳನ್ನು ಹೊರತೆಗೆಯುವ ಆಸೆ ಬಹುಮಟ್ಟಿಗೆ ಉಳಿದಿರುತ್ತದೆ.

ವಿದ್ಯಾರ್ಥಿಗಳಿಗೆ ಗೊಂದಲವಾದೀತೆಂಬ ಮೂರನೆಯ ಆಕ್ಷೇಪಕ್ಕೆ ನೆರೆಯ ಕೇರಳವೇ ಉತ್ತರ ನೀಡಿದೆ. ಅಲ್ಲಿ ೨೦೦೧ರಲ್ಲಿ ಆರಂಭವಾಗಿ ೨೦೧೭ರಲ್ಲಿ 'ಕೈಟ್' ಸಂಸ್ಥೆಯಾಗಿ ರೂಪುಗೊಂಡ ಐಟಿ@ಸ್ಕೂಲ್ ಯೋಜನೆಯು ಶಾಲೆಗಳ ಗಣಕಶಿಕ್ಷಣವನ್ನು ಮುಕ್ತ ತಂತ್ರಾಂಶದ ಮೇಲೆ ಕಟ್ಟಿ ಬೆಳೆಸಿದೆ. ಶಾಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ವ್ಯವಸ್ಥೆಯನ್ನು ಕಂಡ ಮಕ್ಕಳು ಅಲ್ಲಿ ಕಡಮೆಯೇನಲ್ಲ. ಮನೆಯಲ್ಲಿ ಒಂದು ನುಡಿಯನ್ನೂ ಪೇಟೆಯಲ್ಲಿ ಇನ್ನೊಂದನ್ನೂ ಸಲೀಸಾಗಿ ಆಡುವ ನಮ್ಮ ಮಕ್ಕಳಿಗೆ ಇದು ಭಾರವಾದೀತೆಂದು ಹಿರಿಯರು ಅಂಜಬೇಕಾಗಿಲ್ಲ. ಗುಂಡಿಗಳ ಸ್ಥಾನವನ್ನಷ್ಟೇ ಕಂಠಪಾಠ ಮಾಡಿದವನು ಆವೃತ್ತಿ ಬದಲಾದೊಡನೆ ಕಂಗೆಡುತ್ತಾನೆ. ಎರಡು ವ್ಯವಸ್ಥೆಗಳನ್ನು ಕಂಡವನಾದರೋ ಕಡತ, ಫೋಲ್ಡರ್, ಅನುಮತಿ ಎಂಬ ತತ್ತ್ವಗಳನ್ನು ಅರಿತಿರುತ್ತಾನೆ. ವಿದ್ಯೆಯೆಂದರೆ ಈ ಅರಿವೇ ಹೊರತು ಒಂದು ಸರಕಿನ ಪರಿಚಯವಲ್ಲ.

ಶಾಲೆಗಳಿಗೆ ಗಣಕಯಂತ್ರಗಳನ್ನು ದಾನವಾಗಿ ಕೊಡುವ ಮಹನೀಯರು ಹೊಸತನ್ನೇ ಕೊಡಬೇಕೆಂಬ ಸಂಕೋಚದಿಂದ ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಇನ್ನೊಮ್ಮೆ ಯೋಚಿಸುವುದು ಯುಕ್ತ. ತಮ್ಮ ಖಾಸಗಿ ಕಡತಗಳನ್ನು ಪೂರ್ತಿಯಾಗಿ ಅಳಿಸಿ, ಪರಿಷ್ಕರಣೆ ದೊರೆಯುವ ಹಗುರವಾದ ಲಿನಕ್ಸೊಂದನ್ನು ಅಳವಡಿಸಿ ಕೊಟ್ಟಲ್ಲಿ ಅಂತಹ ಯಂತ್ರವು ಇನ್ನೂ ಕೆಲವು ವರ್ಷ ಮಕ್ಕಳ ಕೈಯಲ್ಲಿ ದುಡಿಯಬಲ್ಲದು. ಹಳೆಯ ವ್ಯವಸ್ಥೆಯಲ್ಲಿ ಮಾತ್ರ ನಡೆಯುವ ಪಾಠದ ತಂತ್ರಾಂಶವಿದ್ದರೆ ಅದನ್ನೂ ಪಕ್ಕದಲ್ಲಿ ಉಳಿಸಿ, ಅಂತರಜಾಲದಿಂದ ದೂರವಿರಿಸಿ ಬಳಸಬಹುದು. ತಂತ್ರಜ್ಞರಾಗಿ ದೂರದೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ದಿನವನ್ನು ಈ ಕಾರ್ಯಕ್ಕೆ ಮೀಸಲಿಡಲಿ. ಅಧ್ಯಾಪಕರು ಪಕ್ಕದಲ್ಲಿ ಕುಳಿತು ಕಲಿತುಕೊಳ್ಳಲಿ. ದಾನ ಬಂದ ಯಂತ್ರವು ಯಾವ ದಿನ ನಿಷ್ಪ್ರಯೋಜಕವಾಗಬೇಕೆಂಬುದನ್ನು ಶಾಲೆಯೇ ನಿರ್ಧರಿಸುವಂತಾಗಬೇಕು. ದೂರದ ಕಂಪನಿಯೊಂದರ ಪಂಚಾಂಗವು ಅದನ್ನು ನಿರ್ಧರಿಸುವುದು ಸಲ್ಲದು.